ಆಟದಂಗಡಿ ವೈನಿ ಕೇಳಿದ ಮಾತು

ಮೊನ್ನೆ ಲಕ್ಷ್ಮೇಶ್ವರಕ್ಕೆ ತಂಗಿಯ ಮನೆಗೆ ಹೋಗಿದ್ದೆ. ಅಟ್ಟ ಸ್ವಚ್ಛ ಮಾಡುವಾಗ ಅವಳ ಮನೆಯವರು ಹಳೆಯ ದಪ್ಪ ಟಿವಿಯೊಂದನ್ನು ಕೆಳಗಿಳಿಸಿದರು. ಗುಜರಿಗೆ ಹಾಕುವ ಮೊದಲು ಒಮ್ಮೆ ನೋಡೋಣ ಅಂತ ಚಾಲೂ ಮಾಡಿದರು. ಚಿತ್ರ ಬರಲಿಲ್ಲ, ಬರೇ ಗೆರೆಗಳು ಕುಣಿದವು. ಸ್ವಲ್ಪ ಹೊತ್ತಿಗೆ ಅದರ ಬೆನ್ನ ಕಡೆಯಿಂದ ಧೂಳು ಕಾದ ವಾಸನೆ ಬಂತು ನೋಡಿ... ನಾನು ಕೈಯಲ್ಲಿದ್ದ ಚಹಾದ ಕಪ್ಪು ಕೆಳಗಿಟ್ಟೆ. ಬೆಟಗೇರಿಯ ನಮ್ಮ ಓಣಿಯ ಆಟದಂಗಡಿಯ ವಾಸನೆ ಅದು. ಅದರ ಹಿಂದೆಯೇ ಆ ಅಂಗಡಿಯಾಕೆಯೂ ನೆನಪಿಗೆ ಬಂದಳು. ಬರುವಾಗ ನನ್ನ ಹಳೆಯ ಹೊಟ್ಟೆಕಿಚ್ಚನ್ನೂ ಕರೆದುಕೊಂಡೇ ಬಂದಳು.

ಆಕೆಯನ್ನು ಓಣಿಯಲ್ಲಿ ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಅಣ್ಣನ ಹೆಂಡತಿಯನ್ನು ಕರೆದ ಹಾಗೆ ಎಲ್ಲರಿಗೂ ಆಟದಂಗಡಿ ವೈನಿ. ಗಂಡ ಹೆಂಡತಿ ಹುಬ್ಬಳ್ಳಿ ಕಡೆಯಿಂದ ಬಂದು, ನಮ್ಮ ಎದುರಿನ ಮನೆಯನ್ನು ಬಾಡಿಗೆಗೆ ಹಿಡಿದು, ಪಡಸಾಲೆಯಲ್ಲಿ ಸಾಲಾಗಿ ಟಿವಿ ಇಟ್ಟು ವಿಡಿಯೋ ಗೇಮ್ ಅಂಗಡಿ ಹಾಕಿದ್ದರು. ಆಗ ಯಾರ ಕೈಯಲ್ಲೂ ಮೊಬೈಲ್ ಇರಲಿಲ್ಲ. ಶಾಲೆ ಬಿಟ್ಟ ಮಕ್ಕಳೆಲ್ಲ ಅಲ್ಲೇ. ಗಂಡ ವೈರು, ಕ್ಯಾಸೆಟ್ಟು ಅಂತ ರಿಪೇರಿಯಲ್ಲಿದ್ದರೆ ವೈನಿ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು, ತನ್ನ ಸಣ್ಣ ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡು ಓದುತ್ತಿದ್ದಳು. ರದ್ದಿ ಅಂಗಡಿಯಿಂದ ಗಂಡ ತಂದು ಕೊಟ್ಟ ಇಂಗ್ಲಿಷ್ ಪುಸ್ತಕಗಳು. ತುಂಬ ಬಣ್ಣಬಣ್ಣದ ಚಿತ್ರ, ಆಟಗಳ ಸುದ್ದಿ. ಯಾವ ಆಟ ಯಾರು ಮಾಡಿದರು, ಹೇಗೆ ಮಾಡಿದರು, ಎಲ್ಲಿ ತಪ್ಪಿದರು... ಅದೇ ಆಕೆಯ ಪುರಾಣ.

ನನ್ನ ಪುರಾಣ ಬೇರೆ ಇತ್ತು. ಅದನ್ನು ಹೇಳಿದರೆ ನನ್ನ ಸಂಕಟ ನಿಮಗೆ ತಿಳಿದೀತು.

ನಮ್ಮದು ನೇಕಾರರ ಮನೆ. ಮಗ್ಗದ ಮೇಲೆ ಹಳೆಯ ಹಾಸು, ಅಂದರೆ ಉದ್ದಕ್ಕೆ ಬಿಗಿದ ಎಳೆಗಳು, ಮುಗಿಯಲು ಬಂದಾಗ ಅದನ್ನು ಪೂರ್ತಿ ಕತ್ತರಿಸಿ ತೆಗೆಯುವುದಿಲ್ಲ. ತುದಿ ಉಳಿಸಿಕೊಂಡು, ಅದರ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಹೊಸೆದು ಕೂಡಿಸಬೇಕು. ಬೆರಳಿಗೆ ಒಲೆಯ ಬೂದಿ ಹಚ್ಚಿಕೊಂಡು ಹೊಸೆಯುವುದು. ಇಡೀ ದಿನದ ಕೆಲಸ. ಕಣ್ಣು ಎತ್ತುವಂತಿಲ್ಲ, ಕುತ್ತಿಗೆ ಹಿಡಿಯುತ್ತದೆ. ಅದಕ್ಕೇ ಓಣಿಯ ಹೆಣ್ಣುಮಕ್ಕಳು ಒಬ್ಬರ ಮನೆಗೆ ಒಬ್ಬರು ಹೋಗಿ ಕೈಜೋಡಿಸುತ್ತಿದ್ದೆವು. ಕಣ್ಣು ಕೈ ಎರಡೂ ಎಳೆಗೆ ಕೊಟ್ಟ ಮೇಲೆ ಉಳಿಯುವುದು ಕಿವಿ. ಕಿವಿಗೆ ಕಥೆ ಬೇಕು. ಕಥೆ ಹೇಳುವವಳು ನಾನು.

ಶ್ರಾವಣದಲ್ಲಿ ಗುಡಿಯಲ್ಲಿ ಕೇಳಿದ್ದು, ನಮ್ಮಜ್ಜಿ ಹೇಳಿದ್ದು ಎಲ್ಲ ನೆನಪಿತ್ತು. ಹೆಚ್ಚಾಗಿ ಹೇಳುತ್ತಿದ್ದದ್ದು ದೇವತೆಗಳ ಮಾನ ಕಾಯಲು ತಾವರೆಯ ದಂಟಿನ ನೂಲಿನಿಂದ ಬಟ್ಟೆ ನೇಯ್ದ ಋಷಿಯ ಕಥೆ. ನಮ್ಮ ಕುಲದ ಮೂಲಪುರುಷ ಅವನು. ನಾನು ಬನಶಂಕರಿ ತಾಯಿಯನ್ನು ನೆನೆದು ಬಾಯಿ ತೆಗೆದರೆ ಓಣಿ ಸುಮ್ಮನಾಗುತ್ತಿತ್ತು. ಮದುವೆಯಾಗಿ ಬಂದ ಮನೆಯಲ್ಲಿ ನನಗೆ ಸಿಕ್ಕ ಮರ್ಯಾದೆ ಅದೊಂದೇ. ಸಣ್ಣದು, ಆದರೆ ತಾಯಿ ಕೊಟ್ಟದ್ದು.

ಹೀಗಿದ್ದರೂ ನಮ್ಮತ್ತಿ ಮಾತ್ರ ಒಂದು ದಿನವೂ ‘ಚಲೋ ಹೇಳಿದಿ’ ಅನ್ನಲಿಲ್ಲ. ನನ್ನ ಅಡಿಗೆಗೂ ಇಲ್ಲ, ಕಥೆಗೂ ಇಲ್ಲ. ಕೆಟ್ಟವರಲ್ಲ, ಮಾತು ಕಮ್ಮಿ. ಮಗ್ಗದ ಪಕ್ಕದ ಕಂಬಕ್ಕೆ ಒರಗಿ ಕುಳಿತು, ಕೇಳಿದರೋ ಇಲ್ಲವೋ ತಿಳಿಯದ ಹಾಗೆ ಎಳೆ ಹೊಸೆಯುತ್ತಿದ್ದರು. ಇವತ್ತಾದರೂ ಹೂಂ ಅಂದಾರು, ಇವತ್ತಾದರೂ ‘ಮುಂದ?’ ಅಂದಾರು ಅಂತ ನಾನು ಕಾಯುತ್ತಿದ್ದೆ. ಖರೆ ಹೇಳಬೇಕೆಂದರೆ, ಎಲ್ಲರಿಗೂ ಹೇಳಿದಂತೆ ಮಾಡಿ ನಾನು ಕಥೆ ಹೇಳುತ್ತಿದ್ದದ್ದು ಅವರೊಬ್ಬರಿಗೇ.

ಮೊದಲ ಸಲ ವೈನಿಯನ್ನು ಎಳೆ ಕೂಡಿಸಲು ಕರೆದದ್ದು ಓಣಿಯ ತುದಿಯ ಮನೆಯವರು. ಆಕೆಗೆ ಕೆಲಸ ಬರುತ್ತಿರಲಿಲ್ಲ, ಕಲಿಯುತ್ತೇನೆ ಅಂತ ಕುಳಿತಳು. ನಾನು ಋಷಿಯ ಕಥೆ ಹೇಳಿ ಮುಗಿಸಿದೆ. ಎಲ್ಲರೂ ಬೂದಿಯ ಕೈಯಲ್ಲೇ ನಮಸ್ಕಾರ ಮಾಡಿದರು. ಈಕೆ ಕೇಳಿದಳು:

“ಅಕ್ಕಾರ, ಆ ಋಷಿ ಮೊದಲನೇ ಸಲಾನ ಅಷ್ಟು ಚಲೋ ನೇಯ್ದನೇನ್ರಿ? ಒಂದೂ ಎಳಿ ಹರೀಲಿಲ್ಲ?”

ತುದಿಮನೆಯಾಕೆ ಕಿಸಕ್ಕನೆ ನಕ್ಕಳು, ಅವಳ ಹಿಂದೆ ಎಲ್ಲರೂ. ನಾನು ಗಂಟುಮುಖ ಹಾಕಿಕೊಂಡು, “ದೇವರ ಕೆಲಸದಾಗ ಎಳಿ ಹರಿಯೂದಿಲ್ಲ ಬಿಡ್ರಿ” ಅಂದೆ. ಆಕೆ ಚೇಷ್ಟೆಗೆ ಕೇಳಿದ್ದಲ್ಲ. ಅದು ಆಕೆಯ ಕಣ್ಣಲ್ಲೇ ಕಾಣುತ್ತಿತ್ತು. ಅದೇ ನನಗೆ ಇನ್ನಷ್ಟು ಉರಿಯಿತು.

ಅವತ್ತೇ ಆಕೆಯೂ ಒಂದು ಕಥೆ ಹೇಳಿದಳು. ಜಪಾನಿನಲ್ಲಿ ಒಬ್ಬ ಆಟ ಮಾಡುವವನು ಊಟಕ್ಕೆ ಕುಳಿತಿದ್ದನಂತೆ. ತಟ್ಟೆಯಲ್ಲಿ ನಮ್ಮ ರೊಟ್ಟಿಯ ಹಾಗೆ ದುಂಡಗಿನದೊಂದು ತಿನಿಸು. ಒಂದು ತುಂಡು ಮುರಿದುಕೊಂಡ. ಉಳಿದದ್ದು ನೋಡಿದರೆ ಬಾಯಿ ತೆರೆದ ಮುಖದ ಹಾಗೆ ಕಂಡಿತು. ಮಕ್ಕಳು ಆಡುವ ಆ ಹಳದಿ ಗುಂಡ, ಓಡುತ್ತ ಓಡುತ್ತ ಚುಕ್ಕಿ ನುಂಗುವವನು, ಹುಟ್ಟಿದ್ದು ಹಾಗೆ ಅಂತ ಆ ಮನುಷ್ಯನೇ ಹೇಳುತ್ತಿದ್ದನಂತೆ.

“ಅಯ್ಯ, ನಾ ದಿನಾ ಇಷ್ಟು ರೊಟ್ಟಿ ಮುರೀತೀನಿ, ನನಗ ಬರೇ ನಮ್ಮ ಮನಿಯವರ ಬಾಯಿ ಕಾಣತೈತಿ ನೋಡವಾ” ಅಂದಳು ತುದಿಮನೆಯಾಕೆ. ನಗುವಿನಲ್ಲಿ ಎಳೆ ಕೈತಪ್ಪಿದವು. ನಾನೊಬ್ಬಳೇ ತಲೆ ಬಗ್ಗಿಸಿ ಹೊಸೆದೆ. ಒಳಗೊಳಗೇ ದೇವರಿಗೆ ಹೇಳಿದೆ, ತಾಯಿ, ನಿನ್ನ ಕಥೆ ಬಿಟ್ಟು ಇವರು ರೊಟ್ಟಿಯ ಕಥೆ ಕೇಳುತ್ತಾರಲ್ಲ...

ಆಮೇಲೆ ಎಲ್ಲರ ಮನೆಗೂ ಆಕೆಗೆ ಕರೆ ಹೋಗತೊಡಗಿತು. ನನ್ನನ್ನು ಬಿಡಲಿಲ್ಲ, ಅದು ದೊಡ್ಡದು. ಆದರೆ ಮೊದಲು ನನ್ನ ಕಥೆ ಮುಗಿಸಿಬಿಡುತ್ತಿದ್ದರು, ಊಟಕ್ಕೆ ಮೊದಲು ಔಷಧಿ ಕುಡಿದ ಹಾಗೆ. ಆಮೇಲೆ, “ವೈನಿ, ಈಗ ನಿಮ್ಮದು ಹೇಳ್ರಿ” ಅಂತ ಹತ್ತಿರ ಸರಿಯುತ್ತಿದ್ದರು. ಆಕಾಶದಿಂದ ಸಾಲಾಗಿ ಇಳಿದು ಬರುವ ವೈರಿಗಳ ಆಟವೊಂದಿತ್ತು. ವೈರಿಗಳು ಕಡಿಮೆಯಾದಷ್ಟೂ ಉಳಿದವರ ಓಟ ಜೋರಾಗುತ್ತದೆ. ಅದನ್ನು ಯಾರೂ ಬೇಕೆಂದು ಮಾಡಿದ್ದಲ್ಲವಂತೆ. ಅಷ್ಟು ಮಂದಿಯನ್ನು ಒಟ್ಟಿಗೆ ತೋರಿಸಲು ಆ ಮಷಿನ್‌ಗೆ ಶಕ್ತಿ ಸಾಲುತ್ತಿರಲಿಲ್ಲ. ಮಂದಿ ಸತ್ತ ಹಾಗೆ ಭಾರ ಇಳಿದು ಓಡತೊಡಗಿತು. ಮಾಡಿದವನು ನೋಡಿ, ಇರಲಿ, ಇದೇ ಚಲೋ ಅಂತ ಬಿಟ್ಟ. ಹೀಗೆ ಆಕೆ ಹೇಳಿದರೆ ನನಗೂ ಕೇಳಬೇಕೆನಿಸುತ್ತಿತ್ತು. ಕೇಳಬೇಕೆನಿಸಿದ್ದಕ್ಕೆ ಸಿಟ್ಟು ಬರುತ್ತಿತ್ತು. ಮನೆಗೆ ಬಂದು ಪಾತ್ರೆ ಜೋರಾಗಿ ತಿಕ್ಕುತ್ತಿದ್ದೆ.

ನಮ್ಮ ಮಗ್ಗಕ್ಕೆ ಹೊಸ ಹಾಸು ಬಂದ ದಿನ ನಾನು ಬೆಳಗ್ಗೆಯೇ ಮಡಿಯಲ್ಲಿ ಗುಡಿಗೆ ಹೋಗಿ ಕಾಯಿ ಒಡೆಸಿ ಬಂದಿದ್ದೆ. ನಮ್ಮ ಮನೆ, ನಮ್ಮ ಮಗ್ಗ. ಇವತ್ತು ನನ್ನ ಕಥೆಯೇ. ಹೊಸದೊಂದನ್ನು ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದೆ. ನಮ್ಮತ್ತಿಯವರಿಗೆ ಕಂಬದ ಬಳಿ ಚಾಪೆ ಹಾಸಿ ಕೊಟ್ಟೆ. ಅವರು ಕುಳಿತು, ಬೂದಿಯ ಬಟ್ಟಲು ಎಳೆದುಕೊಂಡು, ನನ್ನ ಮುಖ ನೋಡದೆ ಅಂದರು:

“ಏ ಹುಡುಗಿ, ಆ ಆಟದಾಕೀನ ಕರಕೊಂಡ ಬಾ. ಆಕೀ ಕಥಿ ಭಾಳ ಚಲೋ ಇರತಾವು.”

ನನಗೆ ಎಂದೂ ಸಿಗದ ಆ ‘ಚಲೋ’ ಓಣಿ ದಾಟಿ ಎದುರುಮನೆಗೆ ಹೋಯಿತು. ಅದನ್ನು ಒಯ್ದು ಮುಟ್ಟಿಸಬೇಕಾದವಳೂ ನಾನೇ. ಹೋದೆ. “ಅತ್ತಿ ಕರೀತಾರ, ಬರ್ರಿ” ಅಂದೆ. ಆಕೆ ಮಗಳನ್ನು ಕಂಕುಳಿಗೆ ಏರಿಸಿಕೊಂಡು ಓಡಿ ಬಂದಳು.

ಅವತ್ತು ಹೇಳಿದ್ದು ಮೀಸೆಯವನ ಕಥೆ. ಕೆಂಪು ಟೋಪಿ ಹಾಕಿಕೊಂಡು ಜಿಗಿಯುತ್ತಾನಲ್ಲ, ಅವನದು.

“ಆಗಿನ ಟಿವ್ಯಾಗ ಒಂದು ಮಾರಿ ಬಿಡಿಸಾಕ ಸಿಗ್ತಿದ್ದದ್ದು ಬೆರಳೆಣಿಕೆಯಷ್ಟು ಸಣ್ಣ ಚೌಕ ನೋಡ್ರಿ. ಬಾಯಿ ತಗಿಯಾಕ ಜಾಗಾನ ಇಲ್ಲ. ಆಟ ಮಾಡಾಂವ ಏನ್ ಮಾಡ್ತಾನ? ದೊಡ್ಡ ಮೂಗು ಇಟ್ಟು ಕೆಳಗ ಮೀಸಿ ಹಚ್ಚಿದ. ಬಾಯಿ ಇಲ್ಲಂತ ಯಾರಿಗೂ ಗೊತ್ತಾಗಲಿಲ್ಲ. ಕೂದಲಾ ಬಿಡಿಸೂದು ತ್ರಾಸ, ಟೋಪಿ ಹಾಕಿಬಿಟ್ಟ. ಮಂದಿ, ಏನ್ ಮೀಸಿ, ಏನ್ ಟೋಪಿ ಅಂತ ಕುಣೀತಾರ. ಆಂವಗ ಗೊತ್ತು, ಜಾಗಾ ಸಾಲಲಾರದಕ್ಕ ಹಚ್ಚಿದ್ದು ಅಂತ.”

ನಗುತ್ತಿದ್ದವರ ನಡುವೆ ಆಕೆಯ ಕೈ ನಮ್ಮ ಹಳೆಯ ಹಾಸಿನ ತುದಿಯಲ್ಲಿ ಉಳಿದಿದ್ದ ಗೇಣುದ್ದದ ನೇಯ್ಗೆಯ ಮೇಲೆ ಹೋಯಿತು. ಸೀರೆಯ ದಡಿ, ಅಂದರೆ ಅಂಚು, ಅಲ್ಲಿತ್ತು. ನಮ್ಮ ಮನೆಯ ದಡಿಗೆ ಓಣಿಯಲ್ಲಿ ಹೆಸರಿದೆ, ಕಳಸದ ದಡಿ. ಸಣ್ಣ ಸಣ್ಣ ಕಳಸಗಳು ಒಂದರ ಹಿಂದೆ ಒಂದು. ಅದು ಹಿರಿಯರೊಬ್ಬರಿಗೆ ದೇವಿ ಕನಸಿನಲ್ಲಿ ತೋರಿಸಿದ ಕಳಸ ಅಂತ ನಾನು ಸೀರೆ ಕೊಳ್ಳಲು ಬಂದವರಿಗೆಲ್ಲ ಹೇಳುತ್ತಿದ್ದೆ. ನನಗೆ ಯಾರು ಹೇಳಿದ್ದರೋ... ನಾನೇ ಅಂದುಕೊಂಡದ್ದೋ...

“ಅತ್ತಿ, ಈ ದಡಿ ಯಾರು ಮಾಡಿದ್ರು?” ಅಂತ ಕೇಳಿದಳು ವೈನಿ.

ನಾನು ಬಾಯಿ ತೆರೆದೆ. ಕನಸಿನ ಕಥೆ ನಾಲಿಗೆಯ ಮೇಲಿತ್ತು. ಅಷ್ಟರಲ್ಲಿ ಕಂಬದ ಕಡೆಯಿಂದ ದನಿ ಬಂತು.

“ನಾನ ಮಾಡಿದ್ದು.”

ಎಲ್ಲರ ಕೈ ನಿಂತವು. ನಮ್ಮತ್ತಿ ಎಳೆ ಬಿಡದೆ, ತಲೆ ಎತ್ತದೆ, ನಾನು ಈ ಮನೆಗೆ ಬಂದಾಗಿನಿಂದ ಆಡಿದ್ದಕ್ಕಿಂತ ಹೆಚ್ಚು ಮಾತನ್ನು ಒಂದೇ ಉಸಿರಿಗೆ ಆಡಿದರು.

“ಹೊಸದಾಗಿ ಈ ಮನೀಗೆ ನಡೀಲಿಕ್ಕೆ ಬಂದಿದ್ದೆ. ತವರುಮನಿ ಗಿಣಿ ನೆನಪಾಗತಿತ್ತು. ದಡ್ಯಾಗ ಗಿಣಿ ಮಾಡಬೇಕಂತ ಕುಂತೆ. ಎಳಿ ಸಾಲವಲ್ದು. ಕೊಕ್ಕು ಬಂದ್ರ ಬಾಲ ಬರವಲ್ದು, ಬಾಲ ಬಂದ್ರ ಕೊಕ್ಕು ಬರವಲ್ದು. ಬಿಚ್ಚಿದೆ, ಮಾಡಿದೆ, ಬಿಚ್ಚಿದೆ. ಕಡೀಕ ಸಿಟ್ಟು ಬಂದು ಕೊಕ್ಕೂ ಬ್ಯಾಡ ಬಾಲಾನೂ ಬ್ಯಾಡಂತ ಬರೇ ಹೊಟ್ಟಿ ಉಳಿಸಿದೆ. ಇಕೀ ಮಾವಾರು ನೋಡಿ, ‘ಕಳಸ ಭಾಳ ಛಂದ ಬಂದೈತಿ’ ಅಂದ್ರು. ನಾ ಹೂಂ ಅಂದೆ.”

“ಅಂದ್ರ ಇದು ಗಿಣೀ ಹೊಟ್ಟಿ ಏನ್ರಿ ಅತ್ತಿ!” ಅಂತ ವೈನಿ ಕೈತಟ್ಟಿದಳು. ಬೂದಿ ಹಾರಿತು. ನಮ್ಮತ್ತಿ ನಕ್ಕರು. ಹಲ್ಲು ಕಾಣುವಂತೆ ನಕ್ಕರು. ಅಂಥ ನಗು ಅವರಲ್ಲಿದೆ ಅಂತ ನನಗೆ ಗೊತ್ತೇ ಇರಲಿಲ್ಲ.

ಅದೇ ದಡಿಯ ಸೀರೆಯನ್ನು ದೇವಿಗೆ ಉಡಿಸಿ, ಕಳಸಕ್ಕೆ ಕೈಮುಗಿದವಳು ನಾನು. ದೇವಿಗೇನು, ಹೊಟ್ಟೆ ತುಂಬಿದ ಗಿಣಿಯಾದರೂ ಆದೀತು, ಕಳಸವಾದರೂ ಆದೀತು. ಅದಕ್ಕಲ್ಲ ನಾನು ಉರಿದದ್ದು. ಆ ಗಿಣಿ ನಮ್ಮ ಮನೆಯಲ್ಲೇ ಇತ್ತು. ನಾನು ದಿನಾ ಅದರ ಪಕ್ಕ ಕಸ ಹೊಡೆಯುತ್ತಿದ್ದೆ, ದೀಪ ಹಚ್ಚುತ್ತಿದ್ದೆ. ಎದುರುಮನೆಯಿಂದ ಬಂದವಳು ಒಂದು ಮಾತು ಕೇಳಿ ಅದನ್ನು ಹಾರಿಸಿಕೊಂಡು ಹೋದಳು. ಅತ್ತಿ ಹೂಂ ಅನ್ನಲಿ ಅಂತ ಕಾದೆನೇ ಹೊರತು, ನೀವು ಹೇಳ್ರಿ ಅನ್ನಲು ನನಗೆ ಹೊಳೆದೇ ಇರಲಿಲ್ಲ.

ಅವತ್ತಿನಿಂದ ಅತ್ತಿ ಸಂಜೆಗೊಮ್ಮೆ ಆಟದಂಗಡಿಯ ಬಾಗಿಲಿಗೆ ಹೋಗಿ ಕೂರತೊಡಗಿದರು. ಇಬ್ಬರೂ ಟಿವಿಯ ಚೌಕಗಳನ್ನು ನೋಡುತ್ತ, ಇಲ್ಲಿ ಎಷ್ಟು ಎಳೆ ಬೇಕು, ಅಲ್ಲಿ ಎಷ್ಟು ಅಂತ ಮಾತಾಡುತ್ತಿದ್ದರು. ನಾನು ನಮ್ಮ ಹೊಸ್ತಿಲಲ್ಲಿ ಅಕ್ಕಿ ಆರಿಸುತ್ತ ನೋಡುತ್ತಿದ್ದೆ. ಕರೆದರೆ ಹೋಗಬಹುದಿತ್ತು. ವೈನಿ ಕರೆಯುತ್ತಲೂ ಇದ್ದಳು, “ಬರ್ರಿ ಅಕ್ಕಾರ, ಕುಂಡ್ರಿ” ಅಂತ. “ಒಲಿ ಮ್ಯಾಲ ಬ್ಯಾಳಿ ಐತಿ” ಅನ್ನುತ್ತಿದ್ದೆ. ದಿನಾ ಬೇಳೆ ಬೇಯುತ್ತಿತ್ತು ನಮ್ಮ ಮನೆಯಲ್ಲಿ.

ಮೊಬೈಲ್ ಬಂದ ಮೇಲೆ ಅಂಗಡಿ ಖಾಲಿಯಾಯಿತು. ಟಿವಿಗಳನ್ನು ಟೆಂಪೋಗೆ ಏರಿಸಿ ಅವರು ಹುಬ್ಬಳ್ಳಿಗೆ ಹೋದರು. ಹೋಗುವಾಗ ಆಕೆ ಅತ್ತಿಯ ಕಾಲಿಗೆ ಬಿದ್ದಳು, ನನ್ನ ಕೈ ಹಿಡಿದಳು. ಒಂದು ಹೊರೆ ಇಳಿಯಿತು ಅಂದುಕೊಂಡೆ. ಮುಂದೆ ಅತ್ತಿಯೂ ಹೋದರು. ಕೊನೆಯ ದಿನಗಳಲ್ಲಿ ನನ್ನ ಕೈಯಿಂದಲೇ ಗಂಜಿ ಕುಡಿದರು, ಅಷ್ಟು ಪುಣ್ಯ ಉಳಿಯಿತು.

ಲಕ್ಷ್ಮೇಶ್ವರದಿಂದ ಬಂದ ಮೇಲೆ ಮನಸ್ಸು ನಿಲ್ಲಲಿಲ್ಲ. ತುದಿಮನೆಯಾಕೆಯ ಬಳಿ ನಂಬರ್ ಇತ್ತು. ಫೋನ್ ಮಾಡಿದೆ. ಎತ್ತಿದ್ದು ಮಗಳು, ಆ ಮಡಿಲಲ್ಲಿ ಕೂರುತ್ತಿದ್ದ ಸಣ್ಣಾಕಿ. ಈಗ ಅವಳಿಗೇ ಮಕ್ಕಳು. ನಾನು ಯಾರೆಂದು ಹೇಳಿ, ಅವ್ವ ಹೇಗಿದ್ದಾಳೆ ಅಂತ ಕೇಳಿದೆ. “ಅವ್ವ ಹ್ವಾದ ವರ್ಷ ತೀರಿಕೊಂಡ್ಲ್ರಿ ಅತ್ತಿ” ಅಂದಳು.

ಅವಳೇ ಮಾತು ಮುಂದುವರಿಸಿದಳು.

“ಕಡೀತನಕಾ ನನ್ನ ಮಕ್ಕಳಿಗೆ ಆಟದ ಕಥಿ ಹೇಳತಿದ್ಲ್ರಿ. ಅದರಾಗ ನಿಮ್ಮ ಮನಿ ಗಿಣೀದೂ ಒಂದು. ಅವು ದಿನಾ ಅದನ್ನ ಕೇಳತಿದ್ದವು.”

“ಹ್ಯಾಂಗ ಹೇಳತಿದ್ಲವಾ?”

“ಬೆಟಗೇರ್ಯಾಗ ಒಬ್ಬ ಅಜ್ಜಿ ಇದ್ಲು, ಮಾತಾಡತಿದ್ದಿಲ್ಲ. ಆಕೀ ಸೊಸಿ ಮಾತ್ರ ಕಥಿ ಹೇಳೂದ್ರಾಗ ಭಾಳ ಶ್ಯಾಣ್ಯಾಕಿ. ಒಂದಿನಾ ಆ ಸೊಸಿ ಕೇಳಿದ್ಲಂತ, ‘ಅತ್ತೀ, ಈ ದಡಿ ಯಾರು ಮಾಡಿದ್ರು?’ ಅಂತ. ಆಗ ಅಜ್ಜಿ ಬಾಯಿ ಬಿಟ್ಲಂತ...”

ನಾನು ನಡುವೆಯೇ ತಡೆದೆ.

“ಕೇಳಿದಾಕಿ ನಾನಲ್ಲವಾ. ನಿಮ್ಮವ್ವ.”

“ಹೌದೇನ್ರಿ?” ಅಂದಳು ಹುಡುಗಿ. “ಅವ್ವ ಎಂದೂ ಹಂಗ ಹೇಳಲಿಲ್ಲಲ್ರಿ. ಇರ್ಲಿ ಬಿಡ್ರಿ ಅತ್ತಿ, ಮಕ್ಕಳಿಗೆ ಸೊಸೀನ ರೂಢಿ ಆಗ್ಯಾಳ.”

ಫೋನ್ ಇಟ್ಟು ದೇವರ ಮುಂದೆ ಹೋಗಿ ಕುಳಿತೆ. ಇಷ್ಟು ವರ್ಷ ಯಾವ ಮಾತಿಗಾಗಿ ಆಕೆಯ ಮೇಲೆ ಉರಿದುಕೊಂಡಿದ್ದೆನೋ, ಆ ಮಾತನ್ನೇ ಆಕೆ ತೆಗೆದು ನನ್ನ ಬಾಯಿಯಲ್ಲಿಟ್ಟು ಹೋಗಿದ್ದಳು. ನನ್ನ ಕಣ್ಣು ಅತ್ತಿಯಿಂದ ಏನನ್ನು ಬೇಡುತ್ತಿದೆ ಅಂತ ಆಕೆಗೆ ಅವತ್ತೇ ತಿಳಿದಿತ್ತೋ ಏನೋ... ಸುಳ್ಳು ಹೇಳುವುದಿಲ್ಲ, ಅಷ್ಟು ದೊಡ್ಡ ಮನಸ್ಸು ತಾಯಿ ಆಕೆಗೆ ಕೊಟ್ಟಳಲ್ಲ ಅಂತ ಅದಕ್ಕೂ ಹೊಟ್ಟೆಕಿಚ್ಚಾಯಿತು. ಆ ಮಾತು ನನ್ನದಲ್ಲ ವೈನಿ, ನಿಮ್ಮದೇ, ತಗೊಳ್ರಿ ಅಂತ ವಾಪಸು ಕೊಡೋಣವೆಂದರೆ, ಆಕೆ ಇಲ್ಲ.