ಹೂಂ ಅನ್ನದ ಸಾಹೇಬರು

"ಯಾಕ ನಿಂತಿ? ಮುಂದ ಓದು," ಎಂದರು ಶಾಲಾ ಇನ್‌ಸ್ಪೆಕ್ಟರ್ ಸಾಹೇಬರು, ತಮ್ಮ ಹೊಸ ಡಿಜಿಟಲ್ ವಾಚಿನಿಂದ ಕಣ್ಣು ತೆಗೆಯದೆ. ಮೂರನೇ ಇಯತ್ತೆಯ ಗಂಗವ್ವ ಇನ್ನೊಂದು ವಾಕ್ಯ ಓದಿ ಮತ್ತೆ ನಿಂತಳು. ಅರ್ಧ ಪುಟವೂ ಮುಗಿದಿರಲಿಲ್ಲ, ವೇಳೆ ಮುಗಿಯಿತೆಂದು ಸಾಹೇಬರು "ಓದಲು ಬರುವುದಿಲ್ಲ" ಎಂದು ಬರೆದುಕೊಂಡರು.

ಎಂಬತ್ತರ ದಶಕದಲ್ಲಿ ನಾನು ತಡಸದ ಹತ್ತಿರದ ಹಳ್ಳಿಯೊಂದರ ಶಾಲೆಯಲ್ಲಿ ಪಾಠ ಹೇಳುವ ಅಕ್ಕೋರಾಗಿದ್ದೆ. ಇಡೀ ಓಣಿಗೆ ಪತ್ರ ಓದಿ ಹೇಳುವ ಹುಡುಗಿ ನಪಾಸಾಗುವುದೆಂದರೇನು? ಇನ್ನೊಮ್ಮೆ ಓದಿಸಿ ನೋಡಿರೆಂದು ಬೇಡಿಕೊಂಡೆ. ಸಾಹೇಬರು ಇನ್ನೂ ಕಷ್ಟದ ಪುಟ ತೆಗೆದುಕೊಟ್ಟು ವಾಚಿನ ಗುಂಡಿ ಒತ್ತಿದರು. ಗಂಗವ್ವ ಮೊದಲ ವಾಕ್ಯ ಮುಗಿಸಿದಾಗ, ಪಕ್ಕದಲ್ಲಿದ್ದ ನಾನು ರೂಢಿಯಂತೆ "ಹೂಂ" ಎಂದೆ. ಆಮೇಲೆ ನಾನು ಹೂಂ ಎನ್ನುತ್ತ ಹೋದೆ, ಅವಳು ನೀರು ಕುಡಿದಂತೆ ಓದುತ್ತ ಹೋದಳು.

ಸಾಹೇಬರು ವಾಚನ್ನು ಝಾಡಿಸಿ ಕಿವಿಗೆ ಹಿಡಿದರು. ಅದು ಟಿಕ್ ಟಿಕ್ ಅನ್ನುವ ವಾಚಲ್ಲ ಎಂಬುದೂ ಮರೆತಿತ್ತು. "ಮೊದಲಿಗೆ ಏನಾಗಿತ್ತ ನಿನಗ?"

"ನೀವು ಹೂಂ ಅನ್ಲೇ ಇಲ್ರಿ. ಕೇಳಾಕತ್ತೀರೋ ಇಲ್ಲೋ ಅಂತ ಕಾಯ್ಕೋಂತ ನಿಂತಿದ್ದೆ. ಹೂಂ ಅನ್ನದವರಿಗೆ ನಾ ಪತ್ರಾನೂ ಓದಂಗಿಲ್ರಿ."

ಸಾಹೇಬರು ಬರೆದದ್ದನ್ನು ಹೊಡೆದುಹಾಕಿದರು. ಸಂಜೆಯವರೆಗೂ ಉಳಿದ ಮಕ್ಕಳ ಮುಂದೆ ಹೂಂ, ಹೂಂ ಎನ್ನುತ್ತ ಕುಳಿತರು.

ನಿವೃತ್ತಳಾದರೂ ನನ್ನ ರೂಢಿ ಬಿಟ್ಟಿಲ್ಲ. ಊಟವಾದ ಮೇಲೆ ನಮ್ಮ ಮನೆಯವರು ಪೇಪರು ಓದಿ ಹೇಳುತ್ತಾರೆ. ನಾನು ಪ್ರತಿ ವಾಕ್ಯಕ್ಕೂ ಹೂಂ ಎನ್ನುತ್ತಲೇ ಒಂದು ನಿದ್ದೆ ತೆಗೆಯುತ್ತೇನೆ. ಅವರಿಗೆ ಇದಿನ್ನೂ ಗೊತ್ತಿಲ್ಲ. ಈ ಅನುಭವ ಅಚ್ಚಾದ ದಿನ ಗೊತ್ತಾಗುತ್ತದೆ.