ಉಚ್ಚೆಂಗಪ್ಪನ ಹೆಸರಿನ ಹಾಸಿಗೆ

ಬಂಡ್ರಿಯ ತಿಪ್ಪಕ್ಕ ಪ್ರತಿ ಸೋಮವಾರ ಹನ್ನೊಂದರ ಹೊತ್ತಿಗೆ ನನ್ನ ಅಂಗಡಿಗೆ ಬರುತ್ತಿದ್ದಳು. ಹೊಸಪೇಟೆ ಬಸ್ ನಿಲ್ದಾಣದ ಎದುರಿಗೆ ನನ್ನದೊಂದು ಇಂಟರ್ನೆಟ್ ಅಂಗಡಿ. ಮೂರು ಕಂಪ್ಯೂಟರು, ಒಂದು ಫೋನು, ಎಷ್ಟು ಒರೆಸಿದರೂ ಹೋಗದ ಕೆಂಪು ಧೂಳು. ೨೦೦೮ರಲ್ಲಿ ಆ ರಸ್ತೆಯ ಮೇಲೆ ಅದಿರು ಲಾರಿಗಳ ಸಾಲು ಮುರಿಯುತ್ತಲೇ ಇರಲಿಲ್ಲ. ಅವುಗಳ ಹಿಂದೆ ತೆವಳುವ ಸಂಡೂರು ಬಸ್ಸಿನಿಂದ ಇಳಿಯುವಷ್ಟರಲ್ಲಿ ಅವಳು ಅರ್ಧ ಜೀವವಾಗಿರುತ್ತಿದ್ದಳು.

ನಲವತ್ತರ ಹೆಂಗಸು. ಗಣಿಯಲ್ಲಿ ಅದಿರು ಜರಡಿ ಹಿಡಿಯುವ ಕೆಲಸ, ಸೋಮವಾರ ಮಾತ್ರ ಬಿಡುವು. ಗಂಡ ಅದೇ ಗಣಿಯಲ್ಲಿ ಬಂಡೆ ಕೊರೆಯುತ್ತಿದ್ದವನು, ಈಗ ಕೆಮ್ಮಿ ಕೆಮ್ಮಿ ಹಾಸಿಗೆ ಹಿಡಿದಿದ್ದ. ಗಣಿಯವರು ಕೂಲಿಗಳ ಚಿಕಿತ್ಸೆಗೆಂದು ಬೆಂಗಳೂರಿನ ಒಂದು ಆಸ್ಪತ್ರೆಯನ್ನು ಗೊತ್ತುಮಾಡಿದ್ದರು. ಅಲ್ಲಿಯವರು ಬಂದು ಎಕ್ಸ್‌ರೇ ತೆಗೆದು, ನಂಬರಿರುವ ಒಂದು ಕಾರ್ಡು ಕೈಗಿಟ್ಟು, ರಿಪೋರ್ಟು, ಔಷಧಿ, ಅಡ್ಮಿಟ್ ಆಗುವ ದಿನ ಎಲ್ಲವನ್ನೂ ಇನ್ನು ಕಂಪ್ಯೂಟರಿನಲ್ಲೇ ನೋಡಿಕೊಳ್ಳಿ ಎಂದು ಹೋಗಿದ್ದರು. ಬಂಡ್ರಿಯಲ್ಲಿ ಕರೆಂಟೇ ದಿನಕ್ಕೆ ಆರು ತಾಸು. ಯಾವ ಪುಣ್ಯಾತ್ಮನ ತಲೆಗೆ ಹೊಳೆದಿತ್ತೋ ಏನೋ.

"ದಿನ ಬಂತೇನ್ರಿ ಆಚಾರ್ರೆ?"

"ಇಲ್ಲವಾ, ಬಂದಿಲ್ಲ. ಫೋನ್ ಮಾಡಿ ಕೇಳಬಾರದೇನು?"

"ಕೇಳೀನ್ರಿ. ಕಂಪ್ಯೂಟರ್‌ನ್ಯಾಗ ನೋಡ್ರಿ ಅಂತಾರ."

ಎರಡು ತಿಂಗಳು ಇದೇ ಮಾತು. ನೀರು ಕುಡಿದು, ಗೋಡೆಗೆ ಒರಗಿ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ, ಮತ್ತೆ ಬಸ್ಸಿಗೆ ಹೋಗುತ್ತಿದ್ದಳು. ಅವಳನ್ನು ನೋಡಿದರೆ ನನಗೇ ಆಯಾಸವಾಗುತ್ತಿತ್ತು.

ಜೂನ್ ಕೊನೆಯ ಸೋಮವಾರ ದಿನ ಬಂದಿತ್ತು. ಜುಲೈ ಹದಿನಾಲ್ಕಕ್ಕೆ ಹಾಸಿಗೆ ಖಾಲಿ ಇದೆ, ಬನ್ನಿ ಎಂದಿತ್ತು. ತಿಪ್ಪಕ್ಕ ಸೆರಗನ್ನು ಬಾಯಿಗೊತ್ತಿಕೊಂಡು ಅತ್ತಳು. ನನಗೂ ಸಂತೋಷವಾಗಿ ಕೆಳಗಿನದನ್ನೂ ಓದಿದೆ: ರೋಗಿ ಉಚ್ಚೆಂಗಪ್ಪ, ಸಹಿ ಹಾಕಬೇಕಾದವರು ಹೆಂಡತಿ ಎರ್ರೆಮ್ಮ.

"ಎರ್ರೆಮ್ಮ ಯಾರವಾ?"

"ನಮ್ಮ ಭಾವನ ಹೆಂಡ್ತಿ ರೀ."

ಆಗ ಗೊತ್ತಾಯಿತು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವವಳಲ್ಲ, "ನಮ್ಮ ಮನಿಯವ್ರು" ಎನ್ನುತ್ತಿದ್ದಳು. ಪುಟದಲ್ಲಿದ್ದ ಉಚ್ಚೆಂಗಪ್ಪನೇ ಅವಳ ಗಂಡ ಎಂದು ನಾನು ತಿಳಿದಿದ್ದೆ. ಅವನು ಗಂಡನ ಅಣ್ಣ. ಐದು ವರ್ಷದ ಕೆಳಗೆ ಗಣಿಯ ಗೇಟ್ ಪಾಸು ಕೈಗೆ ಬಂದ ವಾರವೇ ಜ್ವರ ಬಂದು ತೀರಿಕೊಂಡಿದ್ದ. ತಮ್ಮ ಗುಡ್ಡಪ್ಪನಿಗೆ ಎಷ್ಟು ಅಲೆದರೂ ಪಾಸು ಸಿಕ್ಕಿರಲಿಲ್ಲ. ಅಣ್ಣನ ಪಾಸನ್ನೇ ಜೇಬಿಗಿಟ್ಟುಕೊಂಡು ಗೇಟು ದಾಟಿದ್ದ.

"ಫೋಟೋ ನೋಡಲಿಲ್ಲೇನು ಯಾರೂ?"

"ಮಾರಿ ತುಂಬ ಧೂಳ್ರಿ. ಯಾರ್ ನೋಡ್ತಾರ? ನಮ್ಮ ಕಡೆ ಭಾಳ ಮಂದಿ ಹಂಗಾ ಹೋಗ್ತಾರ."

ನನಗೆ ರೇಗಿತು. ಬೆಂಗಳೂರಿನವರು ಹಿಡಿದುಹಾಕಿ ಬಾಗಿಲಿನಿಂದಲೇ ಓಡಿಸುತ್ತಾರೆ, ಸುಳ್ಳಿಗೂ ಒಂದು ಮಿತಿ ಬೇಡವೇ ಎಂದು ಬೈದೆ. "ಮೊದಲ ಒಳಗ ಹಾಕ್ಯೊಳ್ಳಲಿ, ಆಮ್ಯಾಲ ನೋಡೋಣ ಬಿಡ್ರಿ" ಎಂದು ಅವಳು ಬಸ್ಸಿಗೆ ಹೊರಟಳು.

ಸುಮ್ಮನಿರಬೇಕಿತ್ತು ನಾನು. ಸುಮ್ಮನಿರುವ ಜಾಯಮಾನ ನನ್ನದಲ್ಲ. ಪುಟದ ಮೂಲೆಯಲ್ಲಿ, ಹೆಸರು ತಪ್ಪಿದ್ದರೆ ಇಲ್ಲಿ ತಿಳಿಸಿ ಎಂದಿತ್ತು. ಉಚ್ಚೆಂಗಪ್ಪ ತೀರಿಕೊಂಡಿದ್ದಾನೆ, ರೋಗಿ ಗುಡ್ಡಪ್ಪ, ಹೆಂಡತಿ ತಿಪ್ಪಕ್ಕ ಎಂದು ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದು ಕಳಿಸಿದೆ. ಒಂದು ಒಳ್ಳೆಯ ಕೆಲಸ ಮಾಡಿದೆನೆಂದು ಅವತ್ತು ಹೊಟ್ಟೆ ತುಂಬ ಉಂಡೆ.

ಮುಂದಿನ ಸೋಮವಾರ ಹಳೆಯ ನಂಬರು ಹಾಕಿದರೆ ಪುಟ ತೆರೆಯಲಿಲ್ಲ. ನಾನು ಬರೆದದ್ದಕ್ಕೆ ಬಂದ ಉತ್ತರದಲ್ಲಿ ಗುಡ್ಡಪ್ಪನಿಗೆ ಹೊಸ ನಂಬರು ಕೊಟ್ಟಿದ್ದರು. ಅದನ್ನು ಹಾಕಿದೆ. ಹೆಸರು ಸರಿಯಾಗಿತ್ತು, ಹೆಂಡತಿಯ ಹೆಸರೂ ಸರಿಯಾಗಿತ್ತು. ಅದರ ಕೆಳಗೆ ಎಕ್ಸ್‌ರೇ ಇಲ್ಲ, ರಿಪೋರ್ಟು ಇಲ್ಲ, ದಿನವೂ ಇಲ್ಲ.

ತಿಪ್ಪಕ್ಕನೆದುರೇ ಆಸ್ಪತ್ರೆಗೆ ಫೋನು ಹಚ್ಚಿದೆ. ಆ ಕಡೆಯ ಹುಡುಗಿ ಬಹಳ ಮರ್ಯಾದೆಯಿಂದ ಮಾತಾಡಿದಳು. "ಇದು ಗಣಿ ಕೆಲಸಗಾರರಿಗೆ ಮಾತ್ರ ಸರ್. ಗಣಿಯವರ ಪಟ್ಟಿಯಲ್ಲಿ ಗುಡ್ಡಪ್ಪ ಅನ್ನೋರು ಇಲ್ಲ."

"ಹದಿನಾಲ್ಕನೇ ತಾರೀಖಿನ ಹಾಸಿಗಿ?"

"ಪೇಷೆಂಟ್ ತೀರಿಕೊಂಡಿದ್ದಾರೆ ಅಂತ ನೀವೇ ತಿಳಿಸಿದ್ದೀರಲ್ಲ ಸರ್. ಬೇರೆಯವರಿಗೆ ಕೊಟ್ಟಾಯ್ತು."

ಫೋನಿಟ್ಟೆ. ನಾನು ಮಾಡಿದ್ದನ್ನೂ ಆ ಹುಡುಗಿ ಹೇಳಿದ್ದನ್ನೂ ತಿಪ್ಪಕ್ಕನಿಗೆ ಒಂದೂ ಬಿಡದೆ ಹೇಳಿದೆ. ನನ್ನ ಕೆನ್ನೆಗೆ ಬಾರಿಸಿದ್ದರೂ ಸಮಾಧಾನವಾಗುತ್ತಿತ್ತು. ಅವಳು ಬೆಂಚಿನ ಮೇಲೆ ಕೂತು ಅಂಗಾಲಿನ ಧೂಳನ್ನು ಕೈಯಲ್ಲಿ ಒರೆಸುತ್ತಿದ್ದಳು.

"ಬರಿಯೂಕಿಂತ ಮೊದಲ ನನ್ನ ಒಂದ್ ಮಾತು ಕೇಳಬೇಕಿತ್ರಿ."

"ತಪ್ಪಾತು ತಿಪ್ಪಕ್ಕ."

"ಬರದದ್ದು ಖರೇನಾ ಐತಿ ಬಿಡ್ರಿ. ಸತ್ತ ಮ್ಯಾಲೂ ಐದ್ ವರ್ಷ ನಮ್ಮ ಭಾವನಾ ನಮಗ ಅನ್ನ ಹಾಕಿದ್ರು. ಈ ಹಾಸಿಗಿನೂ ಅವರಾ ಕೊಡಿಸಿದ್ರು. ಈಗ ನೀವು ಅವರನ್ನ ಸಾಯಿಸಿಬಿಟ್ರಿ ಆಚಾರ್ರೆ. ಇನ್ನ ನಮ್ಮ ಮನಿಯವರಿಗೆ ಯಾರದಾರ?"

ಹೊಸ ನಂಬರನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟೆ. ಅದನ್ನೂ ಹಳೆಯ ಕಾರ್ಡನ್ನೂ ಸೇರಿಸಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಬಾಗಿಲಲ್ಲಿ ನಿಂತು ಕೇಳಿದಳು:

"ಮುಂದಿನ ಸೋಮವಾರ ಬರ್ಲೇನ್ರಿ?"

ಬಾರವಾ ಎಂದೆ.