ಬೇರೆ ಗ್ರಹದವಳ ದೃಷ್ಟಿ ತೆಗೆದದ್ದು

ಸದಾಶಿವನಗರದ ಸಭಾಂಗಣದಲ್ಲಿ ವಿಜ್ಞಾನ ಕಥೆಗಳ ಅಭಿಮಾನಿಗಳ ಸಮಾವೇಶ. ಖಾನಾಪುರದಿಂದ ಬಸ್ಸು ಹತ್ತಿ ಬಂದಿದ್ದೇವೆ: ನಾನು, ಮಗಳು, ನನ್ನ ಅತ್ತೆ. ಮಗಳು ಮುಖಕ್ಕೆಲ್ಲ ಹಸಿರು ಬಳಿದುಕೊಂಡು ಬೇರೆ ಗ್ರಹದವಳಾಗಿದ್ದಾಳೆ. ಬಸ್ಸಿನಲ್ಲಿ ಜನ ತಿರುಗಿ ತಿರುಗಿ ನೋಡಿದಾಗಲೇ ನಾನು ಸೆರಗು ಎಳೆದುಕೊಂಡು ಒಂದು ಸೀಟು ಹಿಂದೆ ಹೋಗಿ ಕೂತಿದ್ದೆ.

ಒಳಗೆ ಬಂದದ್ದೇ ಅತ್ತೆ ಮೊಮ್ಮಗಳ ಕೆನ್ನೆ ಸವರಿ ನೆಟಿಗೆ ಮುರಿದರು. "ಎಷ್ಟ್ ಮಂದಿ ಕಣ್ಣ ಬಿದ್ದಾವ ನೋಡವ್ವಾ ನಿನ್ ಮ್ಯಾಲ!"

ಪಕ್ಕದಲ್ಲಿ ರೋಬೋಟ್ ವೇಷದ ಹುಡುಗಿಯೊಬ್ಬಳು ತಗಡಿನ ತಲೆ ಬಾಗಿಸಿದಳು. "ಆಯಿ, ನಂದೂ ದೃಷ್ಟಿ ತಗೀರಿ."

ಆಮೇಲೆ ಸಾಲೇ ನಿಂತಿತು. ಅತ್ತೆಯ ಅಂಗೈಗೆ ಹಸಿರು, ನೀಲಿ, ಬೆಳ್ಳಿ ಬಣ್ಣಗಳೆಲ್ಲ ಮೆತ್ತಿದವು. ಸುತ್ತಲಿನವರು ನಗುತ್ತ ಫೋಟೊ ತೆಗೆಯತೊಡಗಿದರು. ಅದು ಊರವರ ಮೊಬೈಲಿಗೂ ತಲುಪೀತೆಂದು ನಾನು ಮೆಲ್ಲಗೆ ಕಂಬದ ಹಿಂದೆ ಸರಿದೆ.

"ನಿಮ್ಮವ್ವ ಬಂದಿಲ್ಲೇನ?" ರೋಬೋಟ್ ಹುಡುಗಿ ಮಗಳನ್ನು ಕೇಳಿದಳು.

ಮಗಳು ಕಂಬದ ಕಡೆ ನೋಡಿದಳು. ನಾನು ಅವಳ ಕಣ್ಣಿಗೆ ಬಿದ್ದೆ.

"ಇಲ್ಲ," ಎಂದಳು. "ಅಕಿಗೆ ಮನ್ಯಾಗ ಕೆಲಸ ಐತಿ."

ಮೂವರ ಬುತ್ತಿಯ ಚೀಲ ನನ್ನ ಕೈಯಲ್ಲೇ ಇದೆ. ಊಟದ ಹೊತ್ತಾಗಿದೆ. ಕರೆಯಲು ಬಾಯಿ ಬರುತ್ತಿಲ್ಲ.